ಸಿಪಾಯಿಯ ಕುಸ್‌ಕುಸ್

ನನ್ನ ಹೆಂಡತಿ ಕೊಟ್ರಮ್ಮನ ಉಪ್ಪಿಟ್ಟಿನ ಬಗ್ಗೆ ನಾನು ಕೆಟ್ಟ ಮಾತಾಡುವುದಿಲ್ಲ. ನಮ್ಮ ಬ್ರೂಸ್‌ಪೇಟೆಯ ಮನೆಯ ಗೋಡೆ ಬಿರುಕು ಬಿಟ್ಟಾಗ ಅದು ಬಹಳ ಉಪಯೋಗಕ್ಕೆ ಬಂದಿದೆ. ಆದರೂ ಆವತ್ತು ಸಿರುಗುಪ್ಪದಿಂದ ಮಾವ ಉಜ್ಜಿನಪ್ಪನವರು ಬರುವವರಿದ್ದರಿಂದ ಬಾಯಿಬಿಟ್ಟೆ.

"ಇವತ್ತು ನಾನು ಕುಸ್‌ಕುಸ್ ಮಾಡ್ತೀನಿ. ಯುದ್ಧಕ್ಕ ಹೋದಾಗ ಆಫ್ರಿಕಾದಾಗ ತಿಂದೀನಿ. ಅದಕ್ಕೂ ರವಾ ಬೇಕು, ಆದ್ರ ನೀರಾಗ ಮುಳುಗಿಸಿ ಕೊಲ್ಲಂಗಿಲ್ಲ, ಹಬಿ ಮ್ಯಾಲ ಬೇಯಿಸ್ತಾರ."

"ಒಲಿ ಯಾವ ಕಡಿ ಐತಿ ಗೊತ್ತೈತೇನ್ರಿ ನಿಮಗ?"

ಗೊತ್ತಿತ್ತು. ಕಷ್ಟವೇ ಅದು. ಒಲೆ ಊದುವ ಗಂಡಸಿಗೆ ಹೆಣ್ಣು ಕೊಡುವುದಿಲ್ಲವೆಂದು ಮಾವನವರು ಮೊದಲು ಬಂದ ವರನನ್ನು ಅಟ್ಟಿ, ಯುದ್ಧದಿಂದ ಮರಳಿದ ವೀರನೆಂದು ನನಗೆ ಕೊಟ್ಟಿದ್ದರು. ಪಲ್ಟಣದಲ್ಲಿ ನಾನು ಹಿಡಿದದ್ದು ಸೌಟು ಎಂಬ ಸಣ್ಣ ವಿಷಯವನ್ನು ಯಾರೂ ಕೇಳಿರಲಿಲ್ಲ. (ಕೇಳದೆ ಹೇಳುವುದು ನಮ್ಮ ಮನೆತನದ ಪದ್ಧತಿಯಲ್ಲ.)

ಆದ್ದರಿಂದ ತೀರಾ ಚೆನ್ನಾಗಿ ಮಾಡಬಾರದೆಂದು ನಿರ್ಧರಿಸಿಯೇ ಕೂತೆ. ಕೈ ಕೇಳಲಿಲ್ಲ. ಪರಾತದಲ್ಲಿ ರವೆ ಹರಡಿ, ಉಪ್ಪುನೀರು ಚಿಮುಕಿಸಿ, ಎಣ್ಣೆ ಸವರಿದ ಅಂಗೈಗಳಲ್ಲಿ ಉಜ್ಜಿದೆ. ಕೆಳಗೆ ಕಡಲೆ, ಕುಂಬಳಕಾಯಿ ಕುದಿಯುವ ಗಡಿಗೆ. ಮೇಲೆ ರವೆ ತುಂಬಿದ ತೂತಿನ ಗಡಿಗೆ. ಹಬೆ ಹೊರಗೆ ಹೋಗದಂತೆ ನಡುವಿನ ಸಂದಿಗೆ ಹಿಟ್ಟು ಮೆತ್ತಿದೆ. ಬೆಂದದ್ದನ್ನು ಪರಾತಕ್ಕೆ ಸುರಿದು, ಗಂಟು ಒಡೆದು, ಮತ್ತೆ ನೀರು ಚಿಮುಕಿಸಿ, ಮತ್ತೆ ಹಬೆಗೆ ಏರಿಸಿದೆ.

"ಸಂದಿಗೆ ಹಿಟ್ಟು ಮೆತ್ತೋದು ಸಿಪಾಯಿಗಳಿಗೂ ಕಲಿಸ್ತಾರೇನ್ರಿ?" ಎಂದಳು ಕೊಟ್ರಮ್ಮ.

"ಎಲ್ಲಾ ಕಲಿಸ್ತಾರ. ಸುಮ್ನಿರು."

ಮಾವನವರು ಮೂರು ಸಲ ಹಾಕಿಸಿಕೊಂಡು ಉಂಡರು. ಕಾಳಿಗೆ ಕಾಳು ಅಂಟಿರಲಿಲ್ಲ.

"ಬಾಳ ಛಲೋ ಆಗೈತ್ರಿ ಅಳಿಯಂದ್ರ. ಆದ್ರ ಇದು ನಾಕ ಮಂದಿಗೆ ಸರಿ. ಹೆಚ್ಚಿಗಿ ಮಂದಿಗೆ ಮಾಡಿದ್ರ ಮುದ್ದಿ ಆಗ್ತೈತಿ."

ಕಸುಬಿನ ಮಾನದ ಪ್ರಶ್ನೆ. ತಡೆಯಲಾಗಲಿಲ್ಲ.

"ಹೆಂಗ ಆಗ್ತೈತ್ರಿ ಮಾವಾರ? ಇನ್ನೂರು ಮಂದಿಗೆ ಮಾಡಿ ಹಾಕೀನಿ ನಾನು!"

ಕೊಟ್ರಮ್ಮ ನೀರಿನ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಬಂದೂಕು?" ಎಂದರು ಮಾವನವರು.

"ಅದು... ಬಾಜೂಕ ಇರ್ತಿತ್ರಿ."

ಅವರು ತಟ್ಟೆಯಲ್ಲಿ ಉಳಿದಿದ್ದನ್ನು ಬೆರಳಿಂದ ಬಳಿದು ತಿಂದರು. ನನ್ನ ಸಂಸಾರ ಮುಗಿಯಿತೆಂದುಕೊಂಡೆ.

"ಕುರುಗೋಡಿನ್ಯಾಗ ನನ್ನ ತಮ್ಮನ ಮಗಳ ಮದಿವಿ ಐತಿ," ಎಂದರು ಕೊನೆಗೆ. "ಅಡಿಗಿಯವ್ರು ಸಿಕ್ಕಿದ್ದಿಲ್ಲ."

ಮದುವೆಯ ದಿನ ನಾನು ಕೊಪ್ಪರಿಗೆಯ ಮುಂದೆ ಇದ್ದೆ. ಕೊಟ್ರಮ್ಮ ರೇಷ್ಮೆ ಸೀರೆಯುಟ್ಟು ಪಂಕ್ತಿಯಲ್ಲಿ ಕೂತು, ಸಾರಿಗೆ ಉಪ್ಪು ಕಡಿಮೆಯೆಂದು ಎರಡು ಸಲ ಹೇಳಿಕಳಿಸಿದಳು. ಮಾವನವರು ಬೀಗರನ್ನೆಲ್ಲ ಅಡುಗೆಮನೆಯ ಬಾಗಿಲಿಗೆ ಕರೆತಂದು, "ಇವ್ರಾ ನೋಡ್ರಿ ನಮ್ಮ ಅಳಿಯಂದ್ರು. ಆಫ್ರಿಕಾದಾಗ ಯುದ್ಧ ಮಾಡಿ ಬಂದೋರು," ಎಂದು ತೋರಿಸುತ್ತಿದ್ದರು. ಹಸಿ ಸೌದೆಯ ಹೊಗೆಗೆ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಾಪ, ಯುದ್ಧ ನೆನಪಾಗಿದೆ ಎಂದು ಬೀಗರು ತಾವೂ ಕಣ್ಣೊರೆಸಿಕೊಂಡು ಊಟಕ್ಕೆ ಹೋದರು.