ಬದುವಿನಾಚೆಯ ಜೋಳ

ತನ್ನ ಬೆಳೆಯನ್ನು ತಾನೇ ಹೊಗಳಬಾರದು ಎಂದು ಮನ್ಮಥಪ್ಪನಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಬೀದರ್ ಕಡೆಯ ಅವನ ಮನೆತನದಲ್ಲಿ ಅದು ಹುಟ್ಟಿನಿಂದಲೇ ಬಂದದ್ದು. ಹೊಲದಲ್ಲಿ ತೆನೆ ತೂಗುತ್ತಿರುವಾಗ ಯಾರಾದರೂ "ಬೆಳಿ ಹೆಂಗದ?" ಎಂದು ಕೇಳಿದರೆ ಅವನಜ್ಜ "ಏನೋ ಅದ" ಎನ್ನುತ್ತಿದ್ದ, ಅಪ್ಪ "ಏನೂ ಇಲ್ಲ ಬಿಡ್ರಿ" ಎನ್ನುತ್ತಿದ್ದ. "ಛಲೋ ಅದ" ಎಂದವನ ಬೆಳೆಗೆ ದೃಷ್ಟಿ ತಗಲುತ್ತದೆ, ಹಾಗಾಗಿ ರಾಶಿ ಆಗುವ ತನಕ ಬಾಯಿಗೆ ಬೀಗ. ರಾಶಿ ಆದ ಮೇಲಾದರೂ ಹೊಗಳುತ್ತಿದ್ದರೇ ಅಂದರೆ ಅದೂ ಇಲ್ಲ. ಅಷ್ಟರಲ್ಲಿ ಮುಂದಿನ ಬಿತ್ತನೆಯ ಚಿಂತೆ ಶುರುವಾಗಿರುತ್ತಿತ್ತು.

ಇಂಥ ಮನುಷ್ಯ ಜನವರಿಯ ಒಂದು ಭಾನುವಾರ ಅರವತ್ತು ಮನೆಯವರ ಮುಂದೆ ಮೈಕು ಹಿಡಿದು, ತನ್ನ ಜೋಳವನ್ನು ತಾನೇ ಐದು ನಿಮಿಷ ಹೊಗಳಬೇಕಾಗಿ ಬಂತು ನೋಡಿ.

ಮರಾಠಿ ಸೀಮೆಯ ವಾಳೂಜಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮನ್ಮಥಪ್ಪ, ಅಲ್ಲೇ ಪಕ್ಕದ ಮಶೀನಿನಲ್ಲಿ ದುಡಿಯುತ್ತಿದ್ದ ಭಾಲ್ಕಿಯ ಸುಧಾಕರನ ಜೊತೆ ಸೇರಿ ದೌಲತಾಬಾದ್ ಕೋಟೆಯ ಹಿಂದೆ ಆರು ಎಕರೆ ಹೊಲ ಹಿಡಿದಿದ್ದ. ನಡುವೆ ಒಂದು ಬದು ಹಾಕಿ ಮೂರು ಮೂರು ಎಕರೆ ಹಂಚಿಕೊಂಡಿದ್ದರು. ಬಾವಿ ಒಂದೇ, ಬೀಜ ಒಂದೇ ಚೀಲದ್ದು, ಬಿತ್ತಿದ್ದೂ ಒಂದೇ ದಿನ. ಬದುವಿನ ಮೇಲೆ ನಿಂತು ನೋಡಿದರೆ ಯಾವುದು ಯಾರ ಜೋಳ ಅಂತ ಜೋಳಕ್ಕೇ ಗೊತ್ತಾಗುತ್ತಿರಲಿಲ್ಲ.

ಸುತ್ತಲಿನವರೆಲ್ಲ ಆಗಲೇ ಮೆಕ್ಕೆಜೋಳಕ್ಕೆ ಹೋಗಿಯಾಗಿತ್ತು. ಮನ್ಮಥಪ್ಪನ ಹೆಂಡತಿ ರುಕ್ಮಿಣಿಬಾಯಿಯೂ ಈ ವರ್ಷ ಕಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ನೋಡ್ರಿ, ಹಕ್ಕಿ ಕಾಯೋದು ನಾ, ತೆನಿ ಮುರಿಯೋದು ನಾ. ಕಡೀಕ ಮಂಡಿಯಾಗ ಆ ವ್ಯಾಪಾರಿ ಒಂದು ಮುಷ್ಟಿ ತಗೊಂಡು ಊದಿ ಮೂಗು ಮುರೀತಾನ. ಈ ಸಲ ಜ್ವಾಳ ನೆಟ್ಟಗ ಉಣ್ಣೋರ ಮನೀಗಿ ಹೋದ್ರ ಸೈ. ಇಲ್ಲಂದ್ರ ಮುಂದಿನ ವರ್ಷ ಮೆಕ್ಕಿಜ್ವಾಳ. ಕೋಳಿ ಸಾಕೋರು ಹೊಲಕ್ಕೇ ಬಂದು ಒಯ್ತಾರ."

ಕೋಳಿಗಳ ಮೇಲೆ ಮನ್ಮಥಪ್ಪನಿಗೆ ಯಾವ ಸಿಟ್ಟೂ ಇಲ್ಲ. ಆದರೆ ಜೋಳದ ರೊಟ್ಟಿ ತಿಂದು ಬೆಳೆದ ಮೈ ಅದು, ಜೋಳವಿಲ್ಲದ ಹೊಲದಲ್ಲಿ ಏನು ನೋಡಿಕೊಂಡು ಓಡಾಡಲಿ ಎಂದು ಅವನ ಸಂಕಟ.

ಆ ಸಂಕಟಕ್ಕೆ ದಾರಿ ತೋರಿಸಿದವರು ಕನ್ನಡ ಸಂಘದ ಅಧ್ಯಕ್ಷ ತ್ಯಾಗರಾಜರು. ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಮೈಸೂರಿನ ಕಡೆಯವರು. ನಾಸಿಕದಿಂದ ಒಂದು ಬಸ್ಸು, ವಾಳೂಜಿನಿಂದ ಒಂದು ಬಸ್ಸು ಜನರನ್ನು ಸೀತನಿ ತಿನ್ನಲು ಹೊಲಕ್ಕೇ ಕರೆತರುವುದೆಂದು ನಿಶ್ಚಯಿಸಿದ್ದರು. ಸೀತನಿ ಎಂದರೆ ಹಾಲುಗಾಳಿನ ಎಳೆ ತೆನೆ. ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲ ಇಲ್ಲವೇ ಶೇಂಗಾ ಹಿಂಡಿಯ ಜೊತೆ ತಿನ್ನಬೇಕು. ತಿಂದಾದ ಮೇಲೆ ಇಬ್ಬರು ರೈತರೂ ಮಾತಾಡುವುದು. ಯಾರ ಜೋಳ ಬೇಕೋ ಅವರ ಪುಟದಲ್ಲಿ ಜನ ಹೆಸರು ಬರೆಸುವುದು, ಮನೆಗೊಂದು ಚೀಲ.

"ರೈತರೇ ಬಾಯಿ ಬಿಡದಿದ್ರೆ ಇನ್ಯಾರ್ರೀ ಬಿಡ್ತಾರೆ?" ಎಂದಿದ್ದರು ತ್ಯಾಗರಾಜರು ಫೋನಿನಲ್ಲಿ. "ದಿಂಡೋರಿಯ ದ್ರಾಕ್ಷಿ ರೈತರನ್ನ ನೋಡಿ. ಒಂದು ಗೊಂಚಲು ಹಿಡ್ಕೊಂಡು ಅರ್ಧ ಗಂಟೆ ಮಾತಾಡ್ತಾರೆ. ನಿಮ್ಮ ಜೋಳಕ್ಕೆ ಐದು ನಿಮಿಷ ಆಗಲ್ವೇ? ಭಾಷಣ ನಾನೇ ಬರ್ಕೊಂಡ್ ಬರ್ತೀನಿ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾಸಿಕದ ಬಸ್ಸು ಬಂದು ನಿಂತಿತು. ಎಲ್ಲರಿಗಿಂತ ಮೊದಲು ಇಳಿದವರು ತ್ಯಾಗರಾಜರ ಹೆಂಡತಿ ಸುಭದ್ರಮ್ಮ. ಹೊಲ ನೋಡಿ ಹಿಗ್ಗಿ, "ಎಷ್ಟು ಚೆನ್ನಾಗಿದೆ! ಬೆಳೆ ಹೇಗಿದೆ ಮನ್ಮಥಪ್ಪನವರೇ ಈ ಸಲ?" ಎಂದರು.

ಮನ್ಮಥಪ್ಪನ ಬಾಯಿ ತಾನೇ ತೆರೆದುಕೊಂಡಿತು. "ಏನಿಲ್ರಿ ಅಮ್ಮಾರ. ಅರ್ಧಾ ಹಕ್ಕಿ ತಿಂದಾವ. ಉಳಿದದ್ದಕ್ಕ ಹುಳಾ ಬಿದ್ದದ."

ಸುಭದ್ರಮ್ಮನ ಮುಖ ಸಣ್ಣಗಾಯಿತು. ಸೀತನಿಯ ತಟ್ಟೆ ಕೈಗೆ ಬಂದಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಕಾಳನ್ನು ತಿರುಗಿಸಿ ನೋಡತೊಡಗಿದರು. ಅವರನ್ನು ಕಂಡು ಪಕ್ಕದವರೂ ನೋಡತೊಡಗಿದರು. ಅರ್ಧ ಗಂಟೆಯಲ್ಲಿ ವಾಳೂಜಿನ ಬಸ್ಸಿನವರಿಗೂ ಸುದ್ದಿ ಮುಟ್ಟಿತು, ಆ ಹೊತ್ತಿಗೆ ಹುಳುವಿನ ಜೊತೆ ಬೂಷ್ಟೂ ಸೇರಿಕೊಂಡಿತ್ತು.

ರುಕ್ಮಿಣಿಬಾಯಿ ಗಂಡನ ತೋಳು ಹಿಡಿದು ಪಂಪಿನ ಕೋಣೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಎಲ್ಲಿ ಅದರಿ ಹುಳಾ? ತೋರಿಸ್ರಿ ನನಗ!"

"ಹುಳಾ ಇಲ್ಲ. ಹಂಗ ಬಾಯಿಗಿ ಬಂತು."

"ಬಾಯಿಗಿ ಬಂತಂತ! ಮೂರು ವಾರ ಡಬ್ಬಿ ಬಡಕೋತ ಹಕ್ಕಿ ಕಾಯ್ದಾಕಿ ನಾ. ಒಂದು ಹಕ್ಕಿ ಕೂಡಗೊಟ್ಟಿಲ್ಲ. ನೀವು ಅರ್ಧಾ ಹೊಲಾ ಹಕ್ಕೀಗಿ ದಾನ ಮಾಡಿ ಬಂದ್ರಿ?"

"ನದರ ಹತ್ತಬಾರದು ಅಂತ..."

"ನದರ ಹತ್ತಲಿಕ್ಕೂ ಯಾರರ ಕಣ್ಣೆತ್ತಿ ನೋಡಬೇಕಲ್ರೀ!"

ಅಷ್ಟರಲ್ಲಿ ತ್ಯಾಗರಾಜರು ಎರಡು ಹಾಳೆಯ ಭಾಷಣ ಹಿಡಿದು ಅಲ್ಲಿಗೇ ಬಂದರು.

"ಎಲ್ಲಿ, ಒಂದ್ಸಲ ಓದಿ ನೋಡೋಣ."

ಮನ್ಮಥಪ್ಪ ಹಾಳೆಯನ್ನು ದೂರ ಹಿಡಿದ. "ಪೌಷ್ಟಿಕಾಂಶಗಳ ಆಗರವೂ ನಾರಿನಂಶದ ಭಂಡಾರವೂ ಆದ ನನ್ನ..." ಎಂದು ನಿಂತ.

"ನನ್ನ ಜೋಳವು ಅನ್ನಿ."

"ನನ್ನ..." ಕೆಮ್ಮು ಬಂತು. ನೀರು ಕುಡಿದ. "ನನ್ನ..." ಹಣೆಯ ಮೇಲೆ ಬೆವರು. ಗಾಳಿಗೆ ತೆನೆಗಳೆಲ್ಲ ಅವನ ಕಡೆಗೇ ತಲೆಯಾಡಿಸುತ್ತಿದ್ದವು. ನಾಲ್ಕನೇ ಸಲಕ್ಕೆ "ನನ್ನ ಕಡಿಂದ ಆಗಂಗಿಲ್ರಿ ಸರ್" ಎಂದು ಹಾಳೆ ಮಡಿಚಿ ಅವರ ಕೈಗೇ ಕೊಟ್ಟ.

ತ್ಯಾಗರಾಜರು ಹಣೆ ಚಚ್ಚಿಕೊಂಡು ಹೋದರು. ಬದುವಿನ ಮೇಲೆ ಸುಧಾಕರ ಕೂಡ ಅಂಥವೇ ಎರಡು ಹಾಳೆ ಹಿಡಿದು ಅಂಥದೇ ಮುಖ ಮಾಡಿಕೊಂಡು ಕುಳಿತಿದ್ದ. ಅವನ ಮನೆತನದಲ್ಲೂ ಇದೇ ರೋಗ. ಮನ್ಮಥಪ್ಪ ಹೋಗಿ ಅವನ ಪಕ್ಕ ಕುಳಿತ.

"ಅಣ್ಣಾ," ಎಂದ ಸುಧಾಕರ. "ನಮ್ಮದು ನಾವು ಹೊಗಳಬಾರದು ಖರೇ. ಮಂದೀದು ಹೊಗಳಬಾರದು ಅಂತ ಯಾರರ ಹೇಳ್ಯಾರೇನು?"

"ಇಲ್ಲಪಾ."

"ಹಂಗಂದ್ರ ನೀ ನನ್ನ ಜ್ವಾಳ ಹೊಗಳು. ನಾ ನಿಂದು ಹೊಗಳ್ತೀನಿ. ಮುಗೀತಲ್ಲ."

ಮನ್ಮಥಪ್ಪ ಸುಧಾಕರನ ಮುಖವನ್ನೇ ನೋಡಿದ. ಇಷ್ಟು ವರ್ಷ ಜೊತೆಗಿದ್ದರೂ ಇವನ ತಲೆಯಲ್ಲಿ ಇಷ್ಟೊಂದು ಬುದ್ಧಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎದೆಯ ಮೇಲಿನ ಬಂಡೆ ಇಳಿದಂತಾಗಿ ಅವನ ಬೆನ್ನು ತಟ್ಟಿದ.

ಬೇವಿನ ಮರದ ಕೆಳಗೆ ಮೈಕು ಕಿರ್ರೆಂದಿತು. ತ್ಯಾಗರಾಜರ ಮಗಳು ಶ್ರೀವಿದ್ಯಾ ಓಝರ್‌ನಲ್ಲೇ ಮರಾಠಿಯ ನಡುವೆ ಹುಟ್ಟಿ ಬೆಳೆದವಳು, ಸಂಘದ ಕಾರ್ಯದರ್ಶಿ. ಒಂದು ಕೈಯಲ್ಲಿ ಹೆಸರು ಬರೆಸುವ ವಹಿ, ಇನ್ನೊಂದು ಕೈಯಲ್ಲಿ ಗಂಟೆ.

"ಕಾಕಾ, ಫಕ್ತ ಪಾಚ್ ಮಿನಿಟ ಹಾಂ! ಗಂಟಿ ಹೊಡೆದೆ ಅಂದ್ರೆ ಸ್ಟಾಪ್. ಹಿಂದೆ ಊಟ ತಣ್ಣಗಾಗ್ತದೆ."

ಮನ್ಮಥಪ್ಪ ಮೈಕಿನ ಮುಂದೆ ನಿಂತ. ಬದುವಿನಾಚೆ ನೋಡಿದ.

"ಅಲ್ಲಿ ನೋಡ್ರಿ, ಸುಧಾಕರನ ಜ್ವಾಳ," ಎಂದು ಕೈ ಎತ್ತಿದ. ಅರವತ್ತು ಮನೆಯವರ ತಲೆಗಳೂ ಆ ಕಡೆ ತಿರುಗಿದವು. "ಮಳಿ ಹೋದ ಮ್ಯಾಲೆ ಬಿತ್ತಿದ್ದು ಅದು. ನೆಲದಾಗಿನ ತ್ಯಾವ ಉಂಡು, ಮುಂಜಾನಿ ಇಬ್ಬನಿ ಕುಡದು ಬೆಳದದ. ಆ ಜ್ವಾಳದ ಹಿಟ್ಟು ಕಲಸಿದ್ರ ಹೆಣ್ಣಮಕ್ಕಳ ಕೈಗಿ ತ್ರಾಸ ಇಲ್ಲ. ರೊಟ್ಟಿ ಹೆಂಚಿನ ಮ್ಯಾಲೆ ತಾನ ಉಬ್ಬತದ. ಹಾಲಿನ್ಯಾಗ ಮುರದು ಹಾಕಿದ್ರ ಹಲ್ಲಿಲ್ಲದವ್ರೂ ಉಣ್ಣತಾರ."

ಹಿಂದಿನ ಸಾಲಿನಲ್ಲಿ ಯಾರೋ ಎಂಜಲು ನುಂಗಿದ್ದು ಕೇಳಿಸಿತು. ಮನ್ಮಥಪ್ಪನ ಗಂಟಲಿನಲ್ಲಿ ಐವತ್ತು ವರ್ಷದಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆದು ಬಂತು.

"ನಾವೆಲ್ಲಾ ಹೊಟ್ಟಿಪಾಡಿಗಿ ಇಲ್ಲಿ ಬಂದವ್ರು. ಈ ನೆಲ ನಮಗ ಯಾವ ಊರು ಅಂತ ಕೇಳಲಿಲ್ಲ, ಯಾವ ಮಾತು ಆಡ್ತಿ ಅಂತ ಕೇಳಲಿಲ್ಲ. ಬೀಜ ಹಾಕಿದ್ವಿ, ಅನ್ನ ಕೊಟ್ಟಿತು. ನೀವು ಇಲ್ಲೀ ನೀರು ಕುಡೀತೀರಿ, ಇಲ್ಲೀ ಗಾಳಿ ತಗೋತೀರಿ. ಇಲ್ಲೀ ಕಾಳು ಉಣ್ಣೋದು ಅಂದ್ರ ಈ ನೆಲಕ್ಕ ಒಂದು ಶರಣು ಹೇಳಿದಂಗರಿ. ಎಲ್ಲಿಂದಲೋ ಬಂದ ಚೀಲದಾಗ ಕಲ್ಲು ಸಿಕ್ರ ಯಾರಿಗಿ ಕೇಳ್ತೀರಿ? ಇದರಾಗ ಸಿಕ್ರ ಸುಧಾಕರ ಇಲ್ಲೇ ನಿಂತಾನ, ಬಂದು ಕೇಳ್ರಿ. ಕಾಳು ಮಂಡೀಗಿ ಹೋದ ಮ್ಯಾಲೆ ಉಂಡವ್ರು ಯಾರು ಅಂತ ನಮಗೆಂದೂ ಗೊತ್ತಾಗಿಲ್ಲ. ಇವತ್ತ ಉಣ್ಣೋರ ಮಾರಿ ನೋಡಿದ್ವಿ. ಹೊಟ್ಟಿ ತುಂಬಿತು. ನಿಮ್ಮ ಉಪಕಾರ ಭಾಳ ಆತ್ರಿ."

ಗಂಟೆ ಹೊಡೆಯುವುದನ್ನೇ ಮರೆತು ಶ್ರೀವಿದ್ಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಪ್ಪಾಳೆಗೆ ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ಸುಭದ್ರಮ್ಮ ಕನ್ನಡಕ ತೆಗೆದಿಟ್ಟು, ತಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡರು. ಜನ ವಹಿಯ ಹತ್ತಿರ ನುಗ್ಗಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಸುಧಾಕರನ ಜೋಳ, ಸುಧಾಕರನ ಜೋಳ."

ಇರಲಿ, ಈಗ ನನ್ನ ಸರದಿ ಎಂದು ಮನ್ಮಥಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಕುಳಿತ. ಸುಧಾಕರ ಮೈಕಿನ ಮುಂದೆ ಬಂದ. ಬಂದವನು ಮನ್ಮಥಪ್ಪನನ್ನು ನೋಡಿದ.

"ಇಂಥಾ ಮನುಷ್ಯಾ ಎಲ್ಲಿ ಸಿಗತಾನ್ರಿ?" ಎಂದವನೇ ಅತ್ತುಬಿಟ್ಟ. "ಡೆಂಗ್ಯೂ ಆಗಿ ನಾ ತಿಂಗಳಾನಗಟ್ಲೆ ಮಲಗಿದ್ದೆ. ನನ್ನ ಹೊಲಕ್ಕ ನೀರು ಬಿಟ್ಟವ ಯಾರು? ಅಣ್ಣ! ಮಗಳ ಲಗ್ನದಾಗ ಮೂರು ದಿವಸ ಒಲಿ ಮುಂದ ನಿಂತಾಕಿ ಯಾರು? ನಮ್ಮ ರುಕ್ಮಿಣಿ ವೈನಿ! ಬಾವಿ ಬತ್ತಿದಾಗ 'ಮೊದಲ ನಿಂದು ತೊಯ್ಲಿ' ಅಂದವ ಯಾರು?"

"ಅಣ್ಣ!" ಎಂದು ಜನವೇ ಕೂಗಿತು.

ಮನ್ಮಥಪ್ಪ ಕೂತಲ್ಲಿಂದಲೇ ಹೊಲದ ಕಡೆ ಕೈ ಮಾಡಿದ. ಹುಬ್ಬಿನಿಂದ ಸನ್ನೆ ಮಾಡಿದ. ಎರಡು ಬೆರಳಿನಲ್ಲಿ ಕಾಳು ಹಿಡಿದು ತೋರಿಸಿದ. ಸುಧಾಕರನ ಕಣ್ಣು ತುಂಬಿತ್ತು, ಅವನಿಗೆ ಏನೂ ಕಾಣಲಿಲ್ಲ. ಕಾರ್ಖಾನೆಯ ಕಾಲದಿಂದ ಶುರುಮಾಡಿ ಒಂದೊಂದೇ ಉಪಕಾರ ಬಿಡಿಸಿ ಹೇಳಿದ. "ಇನ್ನ ಅಣ್ಣನ ಜ್ವಾಳದ ಬಗ್ಗೆ ಹೇಳಬೇಕಂದ್ರ..." ಎನ್ನುವಷ್ಟರಲ್ಲಿ ಗಂಟೆ ಠಣ್ಣೆಂದಿತು. ಈ ಸಲ ಶ್ರೀವಿದ್ಯಾ ಮರೆಯಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತ್ಯಾಗರಾಜರು ತಮಗೆ ಹೊದಿಸಲೆಂದು ತಂದಿದ್ದ ಶಾಲನ್ನು ಮನ್ಮಥಪ್ಪನಿಗೆ ಹೊದಿಸಿದರು. ಹೆಂಗಸರು ಮಕ್ಕಳಿಂದ ಅವನ ಕಾಲು ಮುಟ್ಟಿಸಿದರು. ಜೋಳ ಮಾತ್ರ ಯಾರೂ ಕೇಳಲಿಲ್ಲ.

ಊಟವಾದ ಮೇಲೆ ಶ್ರೀವಿದ್ಯಾ ವಹಿ ತಿರುವಿ ಅವನ ಹತ್ತಿರ ಬಂದಳು. "ಕಾಕಾ, ನಿಮ್ಮ ಪಾನ... ಪುಟ ಖಾಲಿ ಇದೆ. ನಾಲ್ಕು ಮನೆಯವರು ಕೇಳ್ತಿದಾರೆ, ನಿಮ್ಮ ಜೋಳ ಹೆಂಗಿದೆ ಅಂತ. ಅದೂ ಹಾಗೇ ಛಾನ್ ಇದೆಯಾ?"

ಇದೇ ಹೊತ್ತು. ಒಂದೇ ಒಂದು ಹೂಂ ಸಾಕಿತ್ತು. ಮನ್ಮಥಪ್ಪ ಉಸಿರು ಎಳೆದುಕೊಂಡ. ಹೊಲದ ಕಡೆ ನೋಡಿದ. ತೆನೆಗಳು ತುಂಬಿ ತೂಗುತ್ತಿದ್ದವು.

"ನಂದೇನದ ಬಿಡವ್ವಾ," ಎಂದ.

ಆ ನಾಲ್ಕು ಮನೆಯವರೂ ಹೋಗಿ ಸುಧಾಕರನ ಪುಟದಲ್ಲೇ ಬರೆಸಿದರು.

ಬಸ್ಸುಗಳು ಹೋದವು. ಸುಧಾಕರ ಬಂದು ತಪ್ಪಾಯಿತೆಂದು ಕಾಲಿಗೆ ಬೀಳುವುದೊಂದು ಬಾಕಿ. ಮನ್ಮಥಪ್ಪನಿಗೆ ಬೈಯಬೇಕೆನಿಸಲಿಲ್ಲ. ಬೈಯುವುದಾದರೂ ಯಾರನ್ನು? ಅರವತ್ತು ಮನೆಯಲ್ಲಿ ತಮ್ಮ ಬಾವಿಯ ನೀರಿನ ರೊಟ್ಟಿ ಉಬ್ಬುತ್ತದೆ, ಬದುವಿನ ಈಚೆಯದೋ ಆಚೆಯದೋ. ಅದನ್ನು ನೆನೆದರೆ ಎದೆ ತಂಪಾಗುತ್ತಿತ್ತು. ಮೆಕ್ಕೆಜೋಳದ ನೆನಪಾದರೆ ಮತ್ತೆ ಕುದಿಯುತ್ತಿತ್ತು. ಹಾಗೇ ಶ್ರೀವಿದ್ಯಾ ಬಿಟ್ಟುಹೋಗಿದ್ದ ವಹಿ ತೆಗೆದು ಸುಧಾಕರನ ಪುಟ ಓದುತ್ತಾ ಕುಳಿತ. ಬಂದವರು ಅರವತ್ತು ಮನೆ. ಹೆಸರು ಅರವತ್ತೊಂದಿದ್ದವು.

ಎರಡು ಸಲ ಎಣಿಸಿ, ಕೊನೆಯ ಹೆಸರು ಓದಿದ. ಮನೆಯದೇ ಹೆಸರು.

"ಏಯ್, ಇದೇನಿದು? ನಿನ್ನ ಹೆಸರು ಯಾಕ ಇಲ್ಲಿ ಬಂದದ?"

ರುಕ್ಮಿಣಿಬಾಯಿ ಕೆಂಡಕ್ಕೆ ನೀರು ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. "ಯಾಕಂದ್ರ? ಅಂಥಾ ಮಾತು ಕೇಳಿ ಯಾರು ಸುಮ್ಮ ಕೂಡ್ತಾರ್ರಿ? ನಾನೂ ಒಂದು ಚೀಲ ಬರಿಸೀನಿ."

"ಹುಚ್ಚೇನು ನಿನಗ? ಬಾವಿ ಒಂದೇ, ಬೀಜಾ ಒಂದೇ. ಎರಡೂ ಅದೇ ಜ್ವಾಳ!"

"ಇರ್ಲಿಕ್ಕಿಲ್ಲ. ಇಷ್ಟು ವರ್ಷದಾಗ ನಮ್ಮ ಜ್ವಾಳಕ್ಕ ಒಂದು ದಿವಸ ಛಲೋ ಅಂದಿಲ್ಲ ನೀವು. ಬೆಳದ ಮನುಷ್ಯಾಗ ಗೊತ್ತಿರಂಗಿಲ್ಲೇನು?" ರುಕ್ಮಿಣಿಬಾಯಿ ಸೆರಗಿಗೆ ಕೈ ಒರೆಸಿಕೊಂಡಳು. "ನಮ್ದೆಲ್ಲಾ ಮಂಡೀಗಿ ಹಾಕಿಬಿಡ್ರಿ. ಮನ್ಯಾಗ ಉಣ್ಣಾಕ ಸುಧಾಕರಂದ ಇರ್ಲಿ."