ನಾನು ದಡ್ಡಿಯೆಂಬುದನ್ನು ಕಾಕಾ ಪರೀಕ್ಷಿಸಿದ್ದು

ನಮ್ಮ ಕಾಕಾ ನಮಸ್ಕಾರಕ್ಕೂ ಪುರಾವೆ ಕೇಳುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಹೇಳಿದ್ದನ್ನೆಲ್ಲ ನಂಬುವವರನ್ನು ಕಂಡರೆ ಆತನಿಗೆ ಆಗುತ್ತಲೇ ಇರಲಿಲ್ಲ.

ತಪ್ಪು ನನ್ನದೇ. ಎಂಬತ್ತರ ದಶಕದ ಮಾತು. ಐಗಳಿಯ ನಮ್ಮ ಪಡಸಾಲೆಯಲ್ಲಿ ಕೂತು ಆರನೆಯ ತರಗತಿಯ ವಿಜ್ಞಾನದ ಮೊದಲ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ: ಗಮನಿಸು, ಊಹಿಸು, ಪರೀಕ್ಷಿಸು, ಆಮೇಲೆ ತೀರ್ಮಾನಿಸು. ದ್ರಾಕ್ಷಿ ತೋಟದಿಂದ ಬಂದು ಊಟಕ್ಕೆ ಕೂತಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದ. "ಇನ್ನೊಮ್ಮೆ ಓದವಾ" ಎಂದ. ನಾವೆಲ್ಲ ಪರೀಕ್ಷೆ ಮುಗಿದ ದಿನವೇ ಆ ಪಾಠ ಮರೆತೆವು. ನಲವತ್ತು ದಾಟಿದ ಕಾಕಾ ಮರೆಯಲಿಲ್ಲ. ನಮ್ಮ ಮನೆಯ ಗ್ರಹಚಾರ!

ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆಂದು ಅಜ್ಜಿ ಹೇಳಿದಳೋ ಇಲ್ಲವೋ, ಕಾಕಾ ನೋಟ್‌ಬುಕ್ ತೆಗೆದ. ಒಂದು ತಿಂಗಳು ಬೆಕ್ಕು ಬಂದ ದಿನ, ಬಾರದ ದಿನ ಎರಡನ್ನೂ ಬರೆದ.

"ಬಂದ ದಿನದ್ದಷ್ಟ ಬರದರ ಸಾಲೂದಿಲ್ಲೇನೋ?" ಎಂದಳು ಅಜ್ಜಿ.

"ಬರಲಾರದ ದಿನ ಏನಾತು ಅನ್ನೂದೂ ಗೊತ್ತಾಗಬೇಕಲ್ಲಬೇ!"

ತಿಂಗಳ ಕೊನೆಗೆ ತೀರ್ಮಾನ ಹೊರಬಿತ್ತು: ಬೆಕ್ಕು ಬಂದರೂ ಬಾರದಿದ್ದರೂ ಬಸ್ಸು ತಡವೇ.

ಅಕ್ಕನನ್ನು ನೋಡಲು ಮುಗಳಖೋಡದಿಂದ ಗಂಡಿನ ಕಡೆಯವರು ಬಂದಾಗಲೂ ಬಿಟ್ಟನೇ? ಅದೇ ಹಾಲು, ಅದೇ ಪುಡಿ, ಅದೇ ಸಕ್ಕರೆ; ಎರಡು ಕಪ್ ಚಹಾದಲ್ಲಿ ಒಂದಕ್ಕೆ ಮಾತ್ರ ಶುಂಠಿ. ವರನ ತಂದೆಯ ಕೈಗೆ ಎರಡನ್ನೂ ಕೊಟ್ಟು, "ಕಣ್ಣ ಮುಚ್ಚಿ ಕುಡದು, ಶುಂಠಿ ಯಾವದ್ರಾಗೈತಿ ಹೇಳ್ರಿ" ಎಂದ.

"ಹುಡುಗೀನ ನೋಡಾಕ ನಾವು ಬಂದ್ರ, ನೀವು ನಮ್ಮನ್ನ ನೋಡಾಕತ್ತೀರಲ್ರಿ!" ಎಂದು ಅವರು ಬಿದ್ದು ಬಿದ್ದು ನಕ್ಕರು. ಸಂಬಂಧ ಕೂಡಿತು.

ಏಳನೆಯ ತರಗತಿಯಲ್ಲಿ ನನ್ನ ಸರದಿ. ಲೆಕ್ಕವೆಲ್ಲ ತಪ್ಪು. ಮಾಸ್ತರರು ಅಪ್ಪನನ್ನು ಕರೆಸಿ, "ಹುಡುಗಿ ಸ್ವಲ್ಪ ಮಂದ ಅದಾಳ್ರಿ" ಎಂದರು. ಅಪ್ಪ ಮನೆಗೆ ಬಂದು, "ಸಾಲಿ ಸಾಕು. ತೋಟದಾಗ ದುಡೀಲಿ" ಎಂದ. ನಾನು ಹಿತ್ತಲಿಗೆ ಹೋಗಿ ಅತ್ತೆ.

"ಆಕಿ ದಡ್ಡಿ ಅನ್ನೂದು ನಿಮ್ಮ ಊಹೆ ಅಣ್ಣಾ," ಎಂದ ಕಾಕಾ. "ಮನ್ಯಾಗ ಗಡಗಡ ಓದತಾಳ, ಸಾಲ್ಯಾಗ ತಪ್ಪತಾಳ. ಎಂಟು ದಿನಾ ತಡೀರಿ."

ಮಾಸ್ತರರ ಕೈಕಾಲು ಹಿಡಿದು ಒಪ್ಪಿಸಿದ. ಅದೇ ಮಾಸ್ತರರು, ಅದೇ ಹಲಗೆ, ಅಂಥವೇ ಲೆಕ್ಕ. ಬದಲಾದದ್ದು ಒಂದೇ. ಎತ್ತರದ ಹುಡುಗಿಯೆಂದು ಸದಾ ಹಿಂದೆ ಕೂರುತ್ತಿದ್ದ ನನ್ನನ್ನು ಒಂದು ದಿನ ಮುಂದೆ, ಒಂದು ದಿನ ಹಿಂದೆ ಕೂರಿಸಿದರು. ಹಿಂದೆ ಕೂತಾಗ ಎಂಟನ್ನು ಮೂರೆಂದು ಬರೆದುಕೊಂಡೆ. ಮುಂದೆ ಕೂತಾಗ ಎಲ್ಲವೂ ಸರಿ!

"ಒಮ್ಮೆ ಹಂಗಾಗತೈತಿ ಬಿಡು," ಎಂದ ಅಪ್ಪ.

"ಒಮ್ಮೆ ಅಲ್ಲಣ್ಣಾ, ಮೂರು ಸರ್ತಿ. ತಲಿ ಮಂದ ಇಲ್ಲ, ಕಣ್ಣು ಮಂದ ಅದಾವು."

ಕಾಕಾ ನನ್ನನ್ನು ಗಡಿಯಾಚೆಯ ಮಿರಜಿನ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದ. ನಾನು ಗೋಡೆಯ ಅಕ್ಷರ ಓದಲು ತಡವರಿಸುತ್ತಿರುವಾಗ ಕಾಕಾ ಹಿಂದಿನಿಂದ, "ಅಷ್ಟ ದೂರದ್ದು ಯಾರಿಗೆ ಕಾಣತೈತ್ರಿ ಸಾಹೇಬ್ರ?" ಎಂದ. ಡಾಕ್ಟರರು ಕಾಕಾನನ್ನೇ ದಿಟ್ಟಿಸಿ, ಆತನನ್ನೂ ಕುರ್ಚಿಯಲ್ಲಿ ಕೂರಿಸಿದರು. ಆತನ ಕಣ್ಣು ನನ್ನವಕ್ಕಿಂತ ಕೆಟ್ಟಿದ್ದವು.

ವಾರ ಬಿಟ್ಟು ಹೋಗಿ ಎರಡು ಕನ್ನಡಕ ತಂದೆವು. ಬಸ್ಸಿನ ಕಿಟಕಿಯಿಂದ ಕಾಕಾ ಅಂಗಡಿಗಳ ಫಲಕವನ್ನೆಲ್ಲ ಮರಾಠಿಯಲ್ಲಿ, ಗಡಿ ದಾಟಿದ ಮೇಲೆ ಕನ್ನಡದಲ್ಲಿ, ಜೋರಾಗಿ ಓದಿದ. ಜನ ನಕ್ಕರು. ಕಾಗವಾಡ ದಾಟಿದ ಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟ.

"ಏನಾತು ಕಾಕಾ?"

"ನನ್ನನ್ನೂ ನಾಲ್ಕನೇ ಕ್ಲಾಸಿನಾಗ ಸಾಲಿ ಬಿಡಿಸಿದ್ರವಾ. ದಡ್ಡ ಅಂದ್ರು," ಎಂದ. "ನಾ ನಂಬಿಬಿಟ್ಟೆ."

ನಾನು ಆತನ ಒರಟು ಕೈ ಹಿಡಿದುಕೊಂಡೆ. ಮನೆ ಬರುವವರೆಗೂ ಬಿಡಲಿಲ್ಲ.