ನಮ್ಮ ಬೀದಿಯನ್ನು ಮರೆತ ರ‍್ಯಾಮ್ ಮಹಾಶಯರಿಗೆ

ಮಾನ್ಯರೇ,

ಕಂಪ್ಯೂಟರಿನ ಒಡಲೊಳಗೆ ಗೇಣುದ್ದವೂ ಇಲ್ಲದ ಹಸಿರು ಪಟ್ಟಿಯಾಗಿ ವಿರಾಜಮಾನರಾಗಿರುವ, ಓಟದಲ್ಲಿ ಗಾಳಿಯನ್ನೂ ನಾಚಿಸುವ, ಕರೆಂಟು ಇರುವವರೆಗೆ ಎಲ್ಲವನ್ನೂ ಬಲ್ಲ, ಹೋದೊಡನೆ ಎಲ್ಲವನ್ನೂ ಮರೆಯುವ ತಮ್ಮ ಸನ್ನಿಧಾನಕ್ಕೆ ಕೋಲಾರ ತಾಲ್ಲೂಕು ಸುಗಟೂರಿನ ವೇಣುಗೋಪಾಲನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುತ್ತಿಲ್ಲ, ಏನನ್ನೂ ನೆನಪಿಟ್ಟುಕೊಳ್ಳದವರಿಗೆ ಎಂಥ ಚಿಂತೆ?

ನಾನು ಯಾರೆಂಬುದೂ ತಮಗೆ ನೆನಪಿರಲಾರದಾದ್ದರಿಂದ ಮೊದಲಿನಿಂದಲೇ ಅರಿಕೆ ಮಾಡುತ್ತೇನೆ. ನನ್ನ ತಂಗಿ ರಂಜಿತಳನ್ನು ಮುಳಬಾಗಿಲು ತಾಲ್ಲೂಕಿನ ತಾಯಲೂರಿಗೆ ಕೊಟ್ಟಿದ್ದೇವೆ. ಅವಳ ಗೆಳತಿಯರಲ್ಲಿ ಅನಿತ ಶ್ರೀನಿವಾಸಪುರಕ್ಕೆ, ಸುನಂದ ಮಾಲೂರಿಗೆ ಸೊಸೆಯರಾಗಿ ಹೋದರು. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ಊರು ಕಟ್ಟುವ ಒಂದು ಆಟವನ್ನು ಈ ಮೂವರೂ ಫೋನಿನಲ್ಲಿ ಆಡುತ್ತಾ, ಅದರೊಳಗೆ ತಾವು ಹುಟ್ಟಿ ಬೆಳೆದ ಸುಗಟೂರಿನ ಬೀದಿಯನ್ನೇ ಎಬ್ಬಿಸಲು ಹೊರಟರು. ಆ ಬೀದಿಯನ್ನು ಇಟ್ಟುಕೊಂಡು ಮೂವರಿಗೂ ಕಾಣಿಸುತ್ತಿದ್ದುದು ನಮ್ಮ ಮನೆಯ ಕಂಪ್ಯೂಟರು. ಅದಕ್ಕೆ ಸರ್ವರ್ ಎಂದು ಹೆಸರು, ಅದರ ಯಜಮಾನಿಕೆ ನನ್ನದು.

ಆದರೆ ಹಾರ್ಡ್ ಡಿಸ್ಕ್ ಎಂಬ ಮುದುಕ ಪ್ರತಿ ಇಟ್ಟಿಗೆಯನ್ನೂ ಬರೆದಿಟ್ಟೇ ಮುಂದೆ ಹೋಗುವ ಸ್ವಭಾವದವನು. ಅನಿತ ಬಾಗಿಲು ತಟ್ಟಿ, ರಂಜಿತ ತೆರೆಯುವಷ್ಟರಲ್ಲಿ ಅಂಗಳದ ಕೋಳಿ ಮೊಟ್ಟೆಯಿಟ್ಟು ಮರಿ ಮಾಡಿರುತ್ತಿತ್ತು. "ನಿನ್ನ ಸರ್ವರ್‌ಗಿಂತ ನಮ್ಮ ತಾಯಲೂರು ಬಸ್ಸೇ ವಾಸಿ ಕಣೋ ಅಣ್ಣಾ" ಎಂದು ತಂಗಿ ಗದರಿದ ಮೇಲೆ, ಮುದುಕನನ್ನು ಮೂಲೆಗೆ ಕೂರಿಸಿ ಇಡೀ ಆಟವನ್ನು ತಮ್ಮ ಮಡಿಲಿಗೆ ಹಾಕಿದೆ. ಅಬ್ಬಾ, ಏನು ವೇಗ! ನೋಡನೋಡುತ್ತಿದ್ದಂತೆ ಬೀದಿ ಎದ್ದಿತು, ಮೂವರ ತವರುಮನೆಗಳೂ ಎದ್ದವು. ಸಂಜೆ ಒಲೆ ಹಚ್ಚುವ ಮುಂಚೆ ಆ ಜಗಲಿಯಲ್ಲಿ ಸೇರಿ ಹರಟುವುದು ಅವರಿಗೆ ರೂಢಿಯಾಯಿತು. ತಮ್ಮಲ್ಲಿರುವುದರ ನಕಲನ್ನು ಆಗಾಗ ಮುದುಕನ ಬಳಿ ಇಡುವ ಏರ್ಪಾಡೂ ಇತ್ತು. ನಕಲಾಗುವಾಗ ತಮ್ಮ ಓಟ ಮುಗ್ಗರಿಸುತ್ತಿದ್ದುದನ್ನು ಕಂಡು, ಇಂಥ ಮಹನೀಯರು ಮುಗ್ಗರಿಸುವಂತೆ ಮಾಡುವುದು ಅಪಚಾರವೆಂದು ಬಗೆದು, ಕೇವಲ ಗೌರವದಿಂದ ಅದನ್ನು ಮೊದಲ ದಿನವೇ ನಿಲ್ಲಿಸಿದೆ. ಇದರಲ್ಲಿ ನನ್ನದೇನೂ ತಪ್ಪಿಲ್ಲವೆಂದು ತಾವೂ ಒಪ್ಪುವಿರಿ.

ಓಡುವವರಿಗೆ ಮೈ ಬಿಸಿಯೇರುವುದು ಸಹಜ. ನಮ್ಮಲ್ಲಿ ಬೇಸಿಗೆಗೂ ತಣ್ಣಗಿರುವ ಜಾಗ ಒಂದೇ, ರೇಷ್ಮೆ ಹುಳು ಸಾಕುವ ಮನೆ. ಒಂದು ಬೆಳೆ ಮುಗಿದು ಅದು ಖಾಲಿಯಿದ್ದಾಗ ತಮ್ಮನ್ನು ಅಲ್ಲಿ ಪ್ರತಿಷ್ಠಾಪಿಸಿದ್ದೆ. ಆಮೇಲೆ ಹೊಸ ಹುಳು ಬಂತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಆಗ ಅಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವಂತೆಯೂ ಇಲ್ಲ. ಹುಳು ಜ್ವರಕ್ಕೆ ಕೂತ ದಿನ ಒಳಗೆ ಹೋದ ನಮ್ಮಮ್ಮ ಗಂಗಾಲಕ್ಷ್ಮಿ, ಮೂಲೆಯಲ್ಲಿ ಬಿಸಿಗಾಳಿ ಬಿಡುತ್ತಾ ಗುಂಯ್‌ಗುಡುತ್ತಿದ್ದ ತಮ್ಮನ್ನು ಕಂಡು, "ಪಾಪ, ಇದೂ ಒಂಚೂರು ಮಲಗ್ಲಿ" ಎಂದು ವೈರುಗಳನ್ನೆಲ್ಲ ಕಿತ್ತಿಟ್ಟಳು. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಇಟ್ಟಿದ್ದೆ. ಅಮ್ಮನ ಕರುಣೆಯಿಂದ ಕಾಪಾಡುವ ಬ್ಯಾಟರಿ ಕೋಲಾರದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಸಂಜೆ ನಾನು ವೈರು ಸಿಕ್ಕಿಸಿದ ಮೇಲೆ ರಂಜಿತ ಆಟದೊಳಗೆ ಬಂದು ನೋಡಿದರೆ ಬೀದಿ ಇಲ್ಲ, ಜಗಲಿ ಇಲ್ಲ, ತೀರಿಹೋದ ನಮ್ಮ ಅಜ್ಜಿ ಶ್ಯಾಮಲಮ್ಮನ ಒರಳುಕಲ್ಲನ್ನು ಅವಳು ನೆನೆನೆನೆದು ಕೂರಿಸಿದ್ದಳು, ಅದೂ ಇಲ್ಲ. ಮುದುಕನ ಬಳಿ ಉಳಿದಿದ್ದುದು ನಾನು ಅವನನ್ನು ಮೂಲೆಗೆ ತಳ್ಳಿದ ದಿನದ ಸ್ಥಿತಿ: ಬಾಗಿಲಿರುವ ಒಂದು ಮೋಟುಗೋಡೆ, ಅದೇ ಕೋಳಿ. ತಂಗಿ ಬೈಯಲಿಲ್ಲ. "ತವರಿಗೆ ಬರ್ಬೇಕು ಅಂದ್ರೆ ಹಬ್ಬ ಆಗ್ಬೇಕು, ಇಲ್ಲಾ ಯಾರಾದ್ರೂ ಸಾಯ್ಬೇಕು. ಆ ಬೀದಿಗೆ ಬರೋಕೆ ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ ಅಣ್ಣಾ" ಎಂದಳು, ಅಷ್ಟೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ. ಬೀದಿ ಬೇಡ, ಆ ಒರಳುಕಲ್ಲನ್ನಾದರೂ ಜ್ಞಾಪಿಸಿಕೊಳ್ಳಿ. ಅದೂ ಆಗದಿದ್ದರೆ ತಮ್ಮ ಮರೆವಿನಲ್ಲಿ ಒಂದು ಚಿಟಿಕೆಯನ್ನು ನಮ್ಮ ದೊಡ್ಡಪ್ಪ ಕೋದಂಡರಾಮಪ್ಪನವರಿಗೆ ದಯಪಾಲಿಸಿ. ರಂಜಿತಳ ಮದುವೆಯಲ್ಲಿ ಅವರ ಒಬ್ಬಟ್ಟಿಗೆ ತುಪ್ಪ ಬೀಳಲಿಲ್ಲವೆಂಬುದನ್ನು ಅವರು ಕರೆಂಟಿಲ್ಲದೆಯೂ ನೆನಪಿಟ್ಟಿದ್ದಾರೆ. ತಾವು ಚುನಾವಣೆಗೆ ನಿಲ್ಲುವುದಾದರೂ ಸಂತೋಷವೇ, ಓಟು ಹಾಕಿದವರನ್ನು ಮರೆಯುವ ವಿದ್ಯೆಯನ್ನು ತಮಗೆ ಯಾರೂ ಕಲಿಸಬೇಕಾಗಿಲ್ಲ. ರಂಜಿತ ಈಗ ಮುದುಕನನ್ನೇ ನಂಬಿ, ನಿಧಾನವಾಗಿ, ಮೊದಲು ಆ ಕೋಳಿಗೊಂದು ಗೂಡು ಕಟ್ಟಿದ್ದಾಳೆ. ಗೂಡಿನ ಮೇಲಿನ ಹಲಗೆಯಲ್ಲಿ ನನ್ನ ಹೆಸರಿದೆ, ಇನ್ನು ಅದೇ ನನ್ನ ಮನೆಯಂತೆ.

ಇಂತಿ,
ನಂಬಿ ಕೆಟ್ಟರೂ ನಮಸ್ಕಾರ ಬಿಡದ
ತಮ್ಮ ವಿಶ್ವಾಸಿ,
ವೇಣುಗೋಪಾಲ, ಸುಗಟೂರು

ಮರೆತ ಮಾತು: ಹುಳುಗಳು ಜ್ವರದಿಂದ ಎದ್ದು ಬರಬರನೆ ಸೊಪ್ಪು ಮೇಯುತ್ತಿವೆ. ಅಮ್ಮ ತೋರಿಸಿ ಕೇಳಿದಳು: "ನೋಡೋ, ಮಲಗಿ ಎದ್ದ ಹುಳಾನೂ ತನ್ನ ಕೆಲ್ಸ ಮರೀಲಿಲ್ಲ. ನಿನ್ನ ಮಿಷಿನ್ನು ಒಂದು ನಿದ್ದೆಗೆ ತವರನ್ನೇ ಮರ್ತುಬಿಡ್ತಾ?" ಉತ್ತರವನ್ನು ಕರೆಂಟು ಇರುವಾಗಲೇ ಕಳುಹಿಸತಕ್ಕದ್ದು.